ಸೆಕೆಂಡ್ಸ್ ಮಾಲು

ಎಳೀಬೇಡಿ, ಅಂದ ವೆಂಕಟರೋಣಪ್ಪ,
ಹೆಗಲ ಮೇಲಿನ ಏಣಿ ಇನ್ನೂ ಇಳಿಸಿರಲಿಲ್ಲ.
ಹಸಿಯಾಗಿ ಕಿತ್ತರೆ ಗಾರೆಯೂ ಬರ್ತದೆ,
ಇಟ್ಟಿಗೆಯ ಮುಖವೂ ಬರ್ತದೆ.
ಮೊದಲು ಬುಡ ಕೊಯ್ಯೋದು. ಆಮೇಲೆ
ಹದಿನೈದು ದಿನ ಮರೆತುಬಿಡೋದು.

ಬುಡ ಈಗ ನನ್ನ ಮಣಿಕಟ್ಟಿನ ಗಾತ್ರ.
ತಂದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದ ಕಡ್ಡಿ,
ಕೆಜಿಎಫ್ ಆಸ್ಪತ್ರೆಯ ಸಿಸ್ಟರ್ ಎಸ್ತರ್ ಕೊಟ್ಟದ್ದು.
ಬಂಗಾರಪೇಟೆಯಲ್ಲಿ ಗಾಡಿ ಬದಲಿಸುವಾಗ
ನಲ್ಲಿಯ ನೀರು ಚಿಮುಕಿಸಿ, ಮಡಿಲಲ್ಲಿಟ್ಟುಕೊಂಡು ತಂದೆ.
ಐವಿ, ಅಂದಿದ್ದಳು ಅವಳು,
ದೊರೆಗಳ ಬಂಗಲೆಗೆಲ್ಲ ಇದೇ ಉಡುಗೆ.

ಐವಿಯೂ ಅಲ್ಲ ಗೀವಿಯೂ ಅಲ್ಲ, ಅಂತ ಇವನು.
ಗರಗಸದ ಬಾಯಿಗೆ ಹಾಲು ಬಂತು, ಬಿಳಿ, ಅಂಟು.
ಅತ್ತಿ ಜಾತಿ ಕಣಮ್ಮ,
ನಮ್ಮ ಗೋಣಿಮರಕ್ಕೆ ದೂರದ ನೆಂಟ.

ಗೋಡೆ ಮುಚ್ಚಲಿ ಅಂತಲೇ ನೆಟ್ಟದ್ದು, ಸುಳ್ಳೇಕೆ.
ಮಾಲೂರಿನಲ್ಲಿ, ಇಷ್ಟು ಚಿಮಣಿಗಳ ಊರಿನಲ್ಲಿ,
ನಮ್ಮದೊಂದೇ ಗೋಡೆ ಒಂದು ಬಣ್ಣಕ್ಕಿರಲಿಲ್ಲ.
ಮಾವ ಇಟ್ಟಿಗೆಗೂಡಿನಲ್ಲಿ ಬೆಂಕಿ ನೋಡುವವರು.
ಸಂಜೆ ಸೈಕಲ್ ಕ್ಯಾರಿಯರಿಗೆ ಕಟ್ಟಿ ತರುತ್ತಿದ್ದರು
ದಿನಕ್ಕೆ ನಾಲ್ಕು, ಸೆಕೆಂಡ್ಸ್ ಮಾಲು,
ಮಾಲೀಕ ಲೆಕ್ಕಕ್ಕೆ ಹಿಡಿಯದ್ದು.
ಒಂದು ಸುಟ್ಟು ಕಪ್ಪು, ಒಂದು ಅರೆಬೆಂದು ಕಿತ್ತಳೆ,
ಒಂದಕ್ಕೆ ಮೂಲೆಯೇ ಇಲ್ಲ.
ಹಾಗೆ ಎದ್ದ ಮನೆಗೆ ಸೊಸೆಯಾಗಿ ಬಂದೆ.
ಬಂದವರೆಲ್ಲ ಪ್ಲಾಸ್ಟರಿಂಗ್ ಯಾವಾಗ ಅಂತ ಕೇಳಿ
ಕಾಫಿ ಕುಡಿಯುತ್ತಿದ್ದರು.

ಹನ್ನೊಂದು ವರ್ಷ ಹಸಿರು.
ಮಾವ ಒಂದು ಮಾತಾಡಲಿಲ್ಲ.
ಗೋಡೆಯ ಕಡೆಗಿದ್ದ ಸಂಜೆಯ ಕುರ್ಚಿಯನ್ನು
ಬೀದಿಯ ಕಡೆಗೆ ತಿರುಗಿಸಿದರು, ಅಷ್ಟೆ.
ಅದು ತಿರುಗಿತ್ತು ಅನ್ನುವುದು ನನಗೆ ಹೊಳೆದದ್ದು
ಅವರು ಹೋದಮೇಲೆ.

ಬಳ್ಳಿ ಹೆಂಚಿನಡಿ ನುಗ್ಗಿತು. ಮೂರು ಹೆಂಚು ಎತ್ತಿತು.
ಕೆಂಜಿಗಗಳು ಸಕ್ಕರೆ ಡಬ್ಬಿಯ ದಾರಿ ಕಲಿತವು.
ಒಂದು ಬೆಳಿಗ್ಗೆ ಸ್ವಿಚ್ ಬೋರ್ಡಿನ ಸಂದಿಯಿಂದ
ಎಲೆಯೊಂದು ಇಣುಕಿತು, ಬಿಸಿಲು ಕಾಣದ್ದು,
ಮಗುವಿನ ಕಿವಿಯಂತೆ ಬೆಳ್ಳಗೆ.
ಆವಾಗ ಫೋನ್ ಮಾಡಿದೆ.

ಹದಿನೈದು ದಿನ ಒಣಗಿತು.
ರಾತ್ರಿ ಗಾಳಿಗೆ, ಯಾರೋ ಹಪ್ಪಳದ ಡಬ್ಬ
ಅಲ್ಲಾಡಿಸಿದ ಸದ್ದು.
ನಂತರ ಮೇಲಿಂದ ಬಿಡಿಸುತ್ತ ಬಂದ, ಚಾಪೆ ಸುತ್ತುವ ಹಾಗೆ.
ಎಲೆ ಬಂತು, ಕಾಂಡ ಬಂತು, ಕಾಲುಗಳು ಬರಲಿಲ್ಲ.
ಹಲ್ಲಿಯ ಬೆರಳಿನಂಥ ಸಾವಿರ ಕಾಲು ಗೋಡೆಯಲ್ಲೇ.
ಅವನ ಹೆಂಡತಿ ಗಂಗುಲಮ್ಮ ತಂತಿ ಬ್ರಷ್ಷು ಹಿಡಿದು ಉಜ್ಜಿದಳು.
ಆಸಿಡ್ ಹಾಕೋಣವಾ, ಅಂದೆ.
ಬೇಡ, ಇಟ್ಟಿಗೆ ಉಪ್ಪು ಕಾರ್ತದೆ.
ಇದು ಮಳೆಗೆ ಹೋಗೋ ಬಾಬ್ತು,
ನಾಲ್ಕು ವರ್ಷ, ಐದು ವರ್ಷ.

ಅಕ್ಕಾ, ಇಲ್ಲಿ ನೋಡಿ. ಮೇಕೆ.

ಸೊಂಟದೆತ್ತರದ ಇಟ್ಟಿಗೆಯಲ್ಲಿ ಎರಡು ಸೀಳು ಗೊರಸು, ಆಳಕ್ಕೆ.
ಹಸಿಯಿಟ್ಟಿಗೆ ಒಣಹಾಕಿದ ಅಂಗಳದಲ್ಲಿ
ಯಾರದೋ ಮೇಕೆ, ಯಾವುದೋ ಮಧ್ಯಾಹ್ನ.
ಅದರ ಮೇಲಿನದರಲ್ಲಿ ನಾಯಿಯ ಅಂಗಾಲು.
ಪಕ್ಕದ್ದರಲ್ಲಿ ಬರೀ ಚುಕ್ಕಿ ಚುಕ್ಕಿ ಗುಳಿ,
ಅಕಾಲದ ಮಳೆಹನಿ, ಬೆಂದು ಕಲ್ಲಾದದ್ದು.
ಏಣಿಯ ಬಳಿ ಒಂದು ಪುಟ್ಟ ಹಿಮ್ಮಡಿ. ಕೂಲಿಯವರ ಕೂಸಿರಬೇಕು.

ವೆಂಕಟರೋಣಪ್ಪ ಕರಣೆ ಕೆಳಗಿಟ್ಟ.
ಮಲಗಿಸಿ ಕಟ್ಟಿದ್ದರೆ ಇದೆಲ್ಲ ಗಾರೆಯೊಳಗೇ ಹೋಗ್ತಿತ್ತಮ್ಮ.
ನಿಲ್ಲಿಸಿ ಕಟ್ಟಿದ್ದಾರೆ. ಇಟ್ಟಿಗೆ ಉಳಿಯಲಿ ಅಂತ, ಸರಿ.
ಆದರೆ ಇಷ್ಟೂ ಹೊರಮುಖ ಬಂದಿದೆಯಲ್ಲ,
ಅದು ತಾನಾಗಿ ಬರಲ್ಲ.

ನಾನು ಗೊರಸಿನ ಗುಳಿಯಲ್ಲಿ ಬೆರಳಿಟ್ಟೆ.
ಒಳಗೆ ಬಳ್ಳಿಯ ಒಂದು ಕಾಲು ಇನ್ನೂ ಹಿಡಿದಿತ್ತು.

ಸಂದಿಗೆ ಸುಣ್ಣದ ಗಾರೆ ತುಂಬಿದ್ದಾಯಿತು.
ಕೂಲಿ ಮೂರು ಸಾವಿರದ ಇನ್ನೂರು, ಗಂಗುಲಮ್ಮನದು ಬೇರೆ.
ಪ್ಲಾಸ್ಟರಿಂಗ್ ಮಾತು ಅವನೂ ಎತ್ತಲಿಲ್ಲ.
ಬೇರು ನೆಲದಲ್ಲಿದೆ, ಚಿಗುರಿದರೆ ಕರೀರಿ, ಅಂತ ಹೋದ.

ಬಚ್ಚಲ ನೀರು ಈಗಲೂ ಆ ಬುಡಕ್ಕೇ ಹೋಗುತ್ತದೆ.
ಮೊನ್ನೆ ಎರಡೆಲೆ ಬಂದಿದೆ, ಉಗುರಿನಷ್ಟು.
ಮೇಕೆಗೆ ಬಲು ಇಷ್ಟವಂತೆ ಈ ಸೊಪ್ಪು.
ನಮ್ಮ ಬೀದಿಯಲ್ಲಿ ಈಗ ಮೇಕೆ ಸಾಕುವವರೇ ಇಲ್ಲ.